ನಜೀರ್ ಮೇಷ್ಟ್ರ ಮುಂದಿನ ಹಲ್ಲು

ತುಮಕೂರಿನ ಅರ್ಧ ಜನರ ಬಾಯಿ ಕೃತಿಕಾಳಿಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಡಾಕ್ಟರ್ ಅಶ್ವಥ್ ಅವರ ಹಲ್ಲಿನ ಆಸ್ಪತ್ರೆಯ ಹಿಂಬದಿಯಲ್ಲಿ, ಬಚ್ಚಲಿಗೆ ಒತ್ತಿಕೊಂಡಂತೆ ಎಂಟಡಿ ಅಗಲದ ಒಂದು ಕೋಣೆ. ಅದೇ ಲ್ಯಾಬು. ಮುಂದಿನ ಕೋಣೆಯಲ್ಲಿ ಡಾಕ್ಟರು ಅಳತೆ ತೆಗೆದು ಕಳಿಸುವರು. ಇವಳು ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ಎಬ್ಬಿಸಿ, ಅಚ್ಚಿನ ಮೇಲೆ ಕ್ಯಾಪು, ಹಲ್ಲಿನ ಸೆಟ್ಟು ಕಟ್ಟುವಳು. ಸಂಜೆ ಕಡಬಕ್ಕೆ ಹೋಗುವ ಬಸ್ಸಿನಲ್ಲಿ ಯಾರಾದರೂ ಆಕಳಿಸಿದರೆ, 'ಇವರು ಮಾರ್ಚ್ ತಿಂಗಳ ಮೇಲಿನ ಸೆಟ್ಟು' ಎಂದು ಮನಸ್ಸಿನಲ್ಲೇ ಗುರುತು ಹಿಡಿದು, ಅವರು ತನ್ನ ಕಡೆ ನೋಡುವಷ್ಟರಲ್ಲಿ ಕಿಟಕಿಯ ಕಡೆ ತಿರುಗಿಬಿಡುವಳು.

ಬಿ.ಎಸ್ಸಿ. ಮುಗಿಸಿ, ಆಮೇಲೆ ಡೆಂಟಲ್ ಮೆಕ್ಯಾನಿಕ್ ಡಿಪ್ಲೊಮಾ ಮಾಡಿ ಅವಳು ಈ ಕೆಲಸ ಹಿಡಿದದ್ದೇ ಜನರ ಎದುರು ಕೂರಬೇಕಿಲ್ಲ ಎಂಬ ಕಾರಣಕ್ಕೆ. ಪ್ಲಾಸ್ಟರಿನ ಬಾಯಿಗಳು ಎಷ್ಟು ತೆರೆದಿದ್ದರೂ ಒಂದು ಮಾತು ಕೇಳುತ್ತಿರಲಿಲ್ಲ. ಪ್ರತಿಯೊಂದು ಅಚ್ಚಿನ ಬುಡಕ್ಕೂ ಪೆನ್ಸಿಲ್ಲಿನಲ್ಲಿ ಹೆಸರು, ತಾರೀಖು ಬರೆದು ಅಟ್ಟದ ಮೇಲೆ ಸಾಲಾಗಿ ಇಡುವಳು. ಆಯುಧಪೂಜೆಗೆ ಮುಂಚೆ ಅಟ್ಟ ಖಾಲಿ ಮಾಡುವುದು ಆ ಆಸ್ಪತ್ರೆಯ ವಾಡಿಕೆ. ವರ್ಷದ ಅಚ್ಚುಗಳನ್ನೆಲ್ಲ ಸುತ್ತಿಗೆಯಿಂದ ಪುಡಿಮಾಡಿ ಹಿತ್ತಿಲಿನ ಕೆಸರಿಗೆ ಸುರಿಯುತ್ತಿದ್ದರು. ಕೃತಿಕಾ ಮೂರು ವರ್ಷದಲ್ಲಿ ತಾನು ಎಬ್ಬಿಸಿದ ಎಲ್ಲರ ಹಲ್ಲಿನ ಮೇಲೂ ಚಪ್ಪಲಿ ಹಾಕಿಕೊಂಡು ನಡೆದಿದ್ದಳು.

ಗಣೇಶನ ಹಬ್ಬದ ಹಿಂದಿನ ವಾರ ಬಂದ ಒಂದು ಚೀಟಿಯಲ್ಲಿ ಹೀಗಿತ್ತು: ನಜೀರ್ ಅಹಮದ್, ಅರವತ್ತೊಂದು ವರ್ಷ, ಮೇಲಿನ ಬಲ ಮುಂದಿನ ಹಲ್ಲಿಗೆ ಕ್ಯಾಪ್. ಕುಣಿಗಲ್‌ನಿಂದ ಬರುವ ಬಸ್ಸಿನಲ್ಲಿ ಕೋಡುಬಳೆ ಕಚ್ಚುವಾಗ ಹಲ್ಲು ಮುರಿದು, ಮುರಿದ ಚೂರು ಕೋಡುಬಳೆಯ ಜೊತೆಗೇ ಹೊಟ್ಟೆ ಸೇರಿತ್ತಂತೆ. ಬೇರು ಗಟ್ಟಿಯಿತ್ತು. ಡಾಕ್ಟರು ಬೇರಿಗೊಂದು ಕಡ್ಡಿ ಕೂರಿಸಿ ಅಳತೆ ಕಳಿಸಿದ್ದರು.

ಅಚ್ಚು ಎಬ್ಬಿಸಿ ನೋಡಿದಾಗ ಪಕ್ಕದ ಎಡ ಹಲ್ಲಿನ ಒಳಮೂಲೆಯೂ ಒಂದು ಎಳ್ಳಿನಷ್ಟು ಹೋಗಿರುವುದು ಕೃತಿಕಾಳ ಕಣ್ಣಿಗೆ ಬಿತ್ತು. ಹಳೆಯ ಸವೆತ ಅಂದುಕೊಂಡಳು. ಎರಡು ಹಲ್ಲಿನ ನಡುವೆ ಹಾಗೇ ಬಿಟ್ಟರೆ ಸಂದು ಕಾಣುತ್ತದೆ, ವಯಸ್ಸಾದವರು ನಕ್ಕರೆ ಚೆನ್ನಾಗಿರಲಿ ಎಂದು ಹೊಸ ಕ್ಯಾಪನ್ನು ಒಂದು ಕೂದಲೆಳೆಯಷ್ಟು ಅಗಲ ಮಾಡಿ ಆ ಸಂದನ್ನು ಮುಚ್ಚಿದಳು. ಯಾರೂ ಹೇಳಿರಲಿಲ್ಲ. ತಾನಾಗಿ ಮಾಡಿದ ಉಪಕಾರ ಅದು. ಕ್ಯಾಪು ಕೂರಿಸಿದ ದಿನ ತೆಳುಗೋಡೆಯ ಆಚೆಯಿಂದ ಡಾಕ್ಟರು "ಫಸ್ಟ್ ಕ್ಲಾಸ್ ಸರ್, ಕನ್ನಡಿ ನೋಡ್ಕೊಳ್ಳಿ" ಅಂದದ್ದು ಕೇಳಿ, ಇಡೀ ಸಂಜೆ ಅವಳಿಗೆ ಒಳಗೊಳಗೇ ಹಿಗ್ಗು.

ಹತ್ತು ದಿನ ಕಳೆದು, ಒಂದು ಮಂಗಳವಾರ ಅದೇ ಗೋಡೆಯ ಆಚೆಯಿಂದ ಒಂದು ಮೆತ್ತನೆಯ ದನಿ ಬಂತು.

"ಹಲ್ಲು ಬಹಳ ಚೆನ್ನಾಗಿದೆ ಡಾಕ್ಟ್ರೇ. ನಮ್ಮ ಮನೆಯವ್ರು ಮದ್ವೆ ಗಂಡಿನ ಥರ ಕಾಣ್ತೀರಿ ಅಂದ್ರು. ಆದ್ರೆ ಊದಕ್ಕೆ ಆಗ್ತಾ ಇಲ್ಲ."

"ಏನು ಊದಕ್ಕೆ ಸರ್?"

"ಟ್ರಂಪೆಟ್ಟು. ನನ್ನ ಕೆಲ್ಸಾನೇ ಅದು. ಯೂನಿವರ್ಸಿಟೀಲಿ ಟ್ರಂಪೆಟ್ ಮೇಷ್ಟ್ರು ನಾನು."

ಚೀಟಿಯಲ್ಲಿ ವಯಸ್ಸು, ಫೋನ್ ನಂಬರು, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಲ್ಲಕ್ಕೂ ಜಾಗವಿತ್ತು. ಕೆಲಸ ಏನು ಎಂದು ಕೇಳುವ ಗೆರೆ ಇರಲಿಲ್ಲ.

"ಹೊಸ ಹಲ್ಲಲ್ವಾ ಸರ್, ತುಟಿ ಹೊಂದ್ಕೊಳ್ಳತ್ತೆ. ಒಂದೆರಡು ತಿಂಗಳು ಕೊಡಿ."

"ಹದಿನೆಂಟು ದಿನ ಇದೆ ಅಷ್ಟೇ," ಅಂದರು ನಜೀರ್ ಅಹಮದ್. ಆಮೇಲೆ ದೂರು ಹೇಳುವವರ ಹಾಗಲ್ಲ, ಬಸ್ಸಿನ ಟೈಮು ಹೇಳುವವರ ಹಾಗೆ ನಿಧಾನವಾಗಿ ವಿಷಯ ಬಿಡಿಸಿದರು. ಬೆಂಗಳೂರಿನ ಒಂದು ದೊಡ್ಡ ಆರ್ಕೆಸ್ಟ್ರಾ. ಎಪ್ಪತ್ತು ಜನ ಕೂತು ನುಡಿಸುವಂಥದ್ದು. ಇಪ್ಪತ್ತೇಳು ವರ್ಷದಿಂದ ಅದರಲ್ಲಿ ಅವರದು ಮೂರನೇ ಟ್ರಂಪೆಟ್ಟಿನ ಕುರ್ಚಿ. ಶನಿವಾರ ಸಂಜೆಯ ರೈಲಿಗೆ ಹೋಗಿ ಭಾನುವಾರ ಬರುವುದು. ಈ ಸಲ ಆರ್ಕೆಸ್ಟ್ರಾ ತುಮಕೂರಿಗೇ, ಅವರು ಪಾಠ ಹೇಳುವ ಯೂನಿವರ್ಸಿಟಿಯ ಹಾಲ್‌ಗೇ ಬರುತ್ತಿತ್ತು. ನುಡಿಸುವ ಕೃತಿಯಲ್ಲಿ ಒಂದು ಕಡೆ ಎಲ್ಲ ವಾದ್ಯಗಳೂ ಸುಮ್ಮನಾಗಿ, ಎಲ್ಲೋ ದೂರದಿಂದ ಒಂದೇ ಒಂದು ಟ್ರಂಪೆಟ್ ಕರೆಯುತ್ತದೆ. ಒಂಬತ್ತು ಬಾರು, ಅಂದರೆ ಒಂಬತ್ತು ಆವರ್ತ, ಒಬ್ಬನೇ. ಅದನ್ನು ಮೊದಲನೇ ಕುರ್ಚಿಯವರೇ ಊದುವುದು ಪದ್ಧತಿ. ಅವರು ಆರ್ಕೆಸ್ಟ್ರಾ ಬಿಟ್ಟುಹೋದದ್ದರಿಂದ, ಅದನ್ನು ನಡೆಸುವ ಕಂಡಕ್ಟರ್ ಆ ಕರೆಯನ್ನು ನಜೀರ್ ಅಹಮದ್‌ಗೆ ಕೊಟ್ಟಿದ್ದರು.

"ಬರೋ ಸೋಮವಾರದೊಳಗೆ ನನ್ನ ಕೈಲಾಗಲ್ಲ ಅಂತ ಹೇಳಿದ್ರೆ ಮುಂಬೈಯಿಂದ ಇನ್ನೊಬ್ರನ್ನ ಕರೆಸ್ತಾರೆ. ನನಗೆ ಇನ್ನೊಂದ್ಸಲ ಬರೋದಲ್ಲ ಇದು. ಮುಂದಿನ ವರ್ಷ ನಾನು ಅಲ್ಲೂ ಇಲ್ಲೂ ರಿಟೈರು."

"ಈಗ ಊದಿದ್ರೆ ಏನಾಗತ್ತೆ?" ಡಾಕ್ಟರು ಕೇಳಿದರು.

ಪೆಟ್ಟಿಗೆಯ ಚಿಲಕ ಎರಡು ಸಲ ಟಕ್ ಅಂದಿತು. ಕೃತಿಕಾ ಗೋಡೆಗೆ ಇನ್ನಷ್ಟು ಒತ್ತಿ ನಿಂತಳು. ಮೊದಲ ಮೂರು ಸ್ವರ ಬಂದವು. ಮದುವೆ ಬ್ಯಾಂಡಿನಲ್ಲಿ ಅವಳು ಕೇಳಿದ್ದ ಸದ್ದಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಕಾಯಿಸಿದ ತುಪ್ಪವನ್ನು ಯಾರೋ ಎತ್ತರದಿಂದ ಸುರಿದಂತೆ ಇತ್ತು. ಅಟ್ಟದ ಮೇಲಿನ ಅಚ್ಚುಗಳು ಸಣ್ಣಗೆ ನಡುಗಿದವು. ನಾಲ್ಕನೆಯ ಸ್ವರಕ್ಕೆ ಏರಿದಾಗ ಹಳೆ ಪಂಚೆ ಹರಿದಂತೆ ಚರ್ ಎಂದು ಸೀಳಿ, ನಿಂತೇ ಹೋಯಿತು. ಇನ್ನೊಮ್ಮೆ. ಮತ್ತೆ ಅಲ್ಲೇ ಹರಿಯಿತು.

"ಮೊದ್ಲು ಅಲ್ಲೊಂದು ಸಂದಿತ್ತು," ಅಂದರು ಅವರು. "ಗಾಳಿ ಅದರ ಮೂಲಕವೇ ದಾರಿ ಮಾಡ್ಕೊಂಡಿತ್ತು. ನಲವತ್ನಾಲ್ಕು ವರ್ಷ."

ಕೃತಿಕಾಳ ಕೈಯಲ್ಲಿದ್ದ ಮೇಣದ ಚಾಕು ಕೆಳಗೆ ಬಿತ್ತು. ಮೂರು ವರ್ಷದಲ್ಲಿ ಅವಳು ಆ ಬಾಗಿಲು ದಾಟಿ ರೋಗಿಗಳ ಎದುರಿಗೆ ಬಂದದ್ದಿಲ್ಲ. ಈಗ ಬಂದು ನಿಂತಳು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಮಗುವಿನಂತೆ ಟ್ರಂಪೆಟ್ಟು. ಮುಖವನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

"ಸರ್, ಸಂದು ಮುಚ್ಚಿದ್ದು ನಾನು," ಅಂದಳು. "ಡಾಕ್ಟ್ರು ಹೇಳಿರ್ಲಿಲ್ಲ. ಚೆನ್ನಾಗಿ ಕಾಣ್ಲಿ ಅಂತ ನಾನೇ ಮುಚ್ಚಿದೆ."

ಡಾಕ್ಟರು ಅವಳನ್ನೇ ನೋಡಿದರು, ಅವಳು ಬೈಗುಳಕ್ಕೆ ಕಾದಳು. ನಜೀರ್ ಅಹಮದ್ ನಕ್ಕರು. ಅವಳೇ ಕಟ್ಟಿದ ಹಲ್ಲು ಅವಳಿಗೇ ಹೊಳೆದು ಕಂಡಿತು.

"ಚೆನ್ನಾಗೇ ಕಾಣ್ತಿದೆ ಕಣಮ್ಮ, ಅದೇ ಕಷ್ಟ," ಅಂದರು.

ಡಾಕ್ಟರು ತಲೆ ಕೆರೆದುಕೊಂಡರು. "ಕ್ಯಾಪು ಕತ್ತರಿಸಿ ತೆಗೀಬಹುದು. ಟೆಂಪರರಿ ಹಾಕಿ ಸಂದು ಬಿಡಬಹುದು. ಆದ್ರೆ ಎಷ್ಟು ಸಂದು, ಯಾವ ಆಕಾರ? ಹಳೇ ಹಲ್ಲು ಹೆಂಗಿತ್ತು ಅಂತ ಗೊತ್ತಾಗ್ಬೇಕಲ್ಲ. ಸರ್, ನಿಮಗೆ ನೆನಪಿದ್ಯಾ?"

"ನಾಲಗೆಗೆ ನೆನಪಿದೆ. ಕಣ್ಣಿಗೆ ಇಲ್ಲ. ಆ ಹಲ್ಲಿದ್ದಾಗ ನಾನು ತುಟಿ ಮುಚ್ಕೊಂಡೇ ನಗ್ತಿದ್ದೆ." ಸ್ವಲ್ಪ ಯೋಚಿಸಿ ಅಂದರು, "ಗುಬ್ಬೀಲಿ ನಮ್ಮ ಆಪಾ ಹತ್ರ ಫೋಟೋಗಳಿವೆ. ನೋಡೋಣ."

ಅಕ್ಕ ಕುಲ್ಸುಂ ಬೀ ಇದ್ದದ್ದು ಗುಬ್ಬಿಯ ಪೇಟೆ ಬೀದಿಯ ಹಿಂದಿನ ಓಣಿಯಲ್ಲಿ. ಕಡಬದ ಬಸ್ಸು ಹೇಗೂ ಗುಬ್ಬಿಯ ಮೇಲೇ ಹೋಗುವುದರಿಂದ ಬುಧವಾರ ಸಂಜೆ ಕೃತಿಕಾ ಇಳಿದು, ಎರಡು ಸಲ ಬಾಗಿಲ ಮುಂದೆ ಸುಮ್ಮನೆ ಓಡಾಡಿ, ಮೂರನೇ ಸಲ ಚಿಲಕ ಬಡಿದಳು. ಎಂಬತ್ತರ ಹತ್ತಿರದ ಮುದುಕಿ, ಬಾಯಲ್ಲಿ ಒಂದೇ ಒಂದು ಹಲ್ಲಿರಲಿಲ್ಲ, ಮಾತಿಗೆ ಮಾತ್ರ ಕೊರತೆಯಿರಲಿಲ್ಲ.

"ಹಲ್ಲಿನ ಹುಡ್ಗಿ ನೀನೇಯಾ? ಬಾ ಬೇಟಿ. ನನ್ನ ಹಲ್ಲು ಕಟ್ಟಕ್ಕೆ ಬಂದಿದ್ರೆ ಈಗ್ಲೇ ಹೇಳ್ತೀನಿ, ಬ್ಯಾಡ. ಇರೋ ಎರಡು ಒಸಡಲ್ಲೇ ಚಕ್ಕುಲಿ ತಿಂತೀನಿ."

ತಗಡಿನ ಪೆಟ್ಟಿಗೆ ಬಿಚ್ಚಿ ಚಾಪೆಯ ಮೇಲೆ ಫೋಟೋಗಳನ್ನು ಹರಡಿದರು. ಒಬ್ಬ ಮನುಷ್ಯನ ಬದುಕು ಅಲ್ಲಿ ಬಿದ್ದಿತ್ತು. ಗುಬ್ಬಿಯ ಬ್ಯಾಂಡ್ ಸೆಟ್ಟಿನ ಕೆಂಪು ಕೋಟಿನಲ್ಲಿ, ತೋಳು ಉದ್ದವಾಗಿ ಬೆರಳಷ್ಟೇ ಕಾಣುವ ಹುಡುಗ. ತುಮಕೂರಿನ ಪೊಲೀಸ್ ಬ್ಯಾಂಡಿನವರ ಜೊತೆ ನಿಂತ ಮೀಸೆಯ ಯುವಕ. "ಅಲ್ಲಿ ಬ್ಯಾಂಡ್ ಮಾಸ್ಟರೊಬ್ರು ಇದ್ರು. ಇವನ ಊದು ಕೇಳಿ, ಓದಕ್ಕೆ ಬರತ್ತಾ ಅಂದ್ರು. ಕನ್ನಡ ಓದ್ತೀನಿ ಅಂದನಂತೆ. ಅದಲ್ಲ ಮಂಗಾ ಅಂತ ಸಂಗೀತ ಬರೆಯೋ ಐದು ಗೆರೆ ಎಳೆದು ತೋರ್ಸಿದ್ರಂತೆ. ಮನೆಗ್ ಬಂದು ಎರಡು ವರ್ಷ ಗೋಡೆ ತುಂಬಾ ಇದ್ದಿಲಲ್ಲಿ ಐದೈದು ಗೆರೆ. ಸುಣ್ಣ ಹೊಡ್ದು ಹೊಡ್ದು ನನ್ನ ಕೈ ಬಿದ್ದೋಯ್ತು." ಆಮೇಲಿನ ಫೋಟೋದಲ್ಲಿ ಕಪ್ಪು ಕೋಟು, ಪಿಟೀಲುಗಳ ಕಾಡಿನ ಹಿಂದೆ ಮೂರನೇ ಕುರ್ಚಿ. ಯೂನಿವರ್ಸಿಟಿಯ ಮರದ ಕೆಳಗೆ ಆರು ಜನ ಶಿಷ್ಯರ ನಡುವೆ ನೆರೆತ ಗಡ್ಡ.

ಒಂದರಲ್ಲೂ ಹಲ್ಲು ಕಾಣಲಿಲ್ಲ. ಊದುತ್ತಿದ್ದ ಫೋಟೋಗಳಲ್ಲೆಲ್ಲ ಟ್ರಂಪೆಟ್ಟು ಬಾಯಿ ಮುಚ್ಚಿತ್ತು. ಊದದ ಕಡೆ ತುಟಿ ಬಿಗಿದಿದ್ದರು. ಕೊನೆಗೆ ಕುಲ್ಸುಂ ಬೀ ನಿಕಾಹ್‌ನ ಫೋಟೋ ಎತ್ತಿಕೊಂಡರು. ಹಣೆಯಿಂದ ಎದೆಯವರೆಗೆ ಮಲ್ಲಿಗೆಯ ಸೆಹ್ರಾ ಇಳಿಬಿದ್ದು, ಒಳಗಿರುವುದು ಗಂಡೋ ಹೂವಿನ ಕುಂಡವೋ ತಿಳಿಯುವಂತಿರಲಿಲ್ಲ.

"ನೋಡು, ಇದ್ರಲ್ಲಿ ನಗ್ತಾ ಇದ್ದ ಕಣೇ. ನನಗೆ ಗೊತ್ತು," ಎಂದು ಮುದುಕಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಕೃತಿಕಾ ಫೋಟೋಗಳನ್ನು ಜೋಡಿಸಿ ಪೆಟ್ಟಿಗೆಗೆ ಇಟ್ಟಳು. ಹೊರಡಬೇಕೆಂದು ಎದ್ದವಳಿಗೆ, ಕೇಳಬೇಕಾದ್ದೊಂದು ಉಳಿದಿದೆ ಅನ್ನಿಸಿತು.

"ಅಜ್ಜಿ, ನಲವತ್ನಾಲ್ಕು ವರ್ಷದ ಹಿಂದೆ ಆ ಸಂದು ಹೆಂಗಾಯ್ತು?"

"ಕುದುರೆಯಿಂದ," ಅಂದರು ಕುಲ್ಸುಂ ಬೀ.

ಹದಿನೇಳು ವರ್ಷದ ನಜೀರ್ ಕುಣಿಗಲ್‌ನ ಒಂದು ಮದುವೆಗೆ ಊದಲು ಹೋಗಿದ್ದ. ಕುದುರೆ ಫಾರಂ ಇರುವ ಊರು, ಗಂಡಿಗೆ ಕುದುರೆ ಮೇಲೇ ಮೆರವಣಿಗೆ ಆಗಬೇಕೆಂಬ ಜಂಬ. ಸಿಕ್ಕಿದ್ದು ಜಟಕಾ ಎಳೆಯುವ ಒಂದು ಮುದಿ ಕುದುರೆ. ಕೆರೆ ಏರಿಯ ಹತ್ತಿರ ಯಾರೋ ಸರಪಟಾಕಿ ಹಚ್ಚಿದರು. "ಇವ್ನು ಕುದುರೆ ಬಲಗಡೆ ಇದ್ದ, ಹಿಂಗೆ," ಎಂದು ಮುದುಕಿ ಎದ್ದು ನಿಂತು, ಎರಡೂ ಕೈಯಲ್ಲಿ ಇಲ್ಲದ ಟ್ರಂಪೆಟ್ಟು ಹಿಡಿದು ತೋರಿಸಿದರು. "ಅದು ಇವ್ನ ಎಡಗಡೆಯಿಂದ ತಲೆ ಒಗೀತು, ಕೆಳಗಿಂದ ಮೇಲಕ್ಕೆ. ಟ್ರಂಪೆಟ್ ಓರೆಯಾಗಿ ಬಾಯೊಳಗೇ ನುಗ್ತು. ರಕ್ತ! ಆದ್ರೂ ನಿಲ್ಲಿಸ್ಲಿಲ್ಲ ಬೇಟಿ. ಮೆರವಣಿಗೆ ನಡುದಾರೀಲಿ ಬ್ಯಾಂಡ್ ನಿಂತ್ರೆ ಗಂಡಿಗೆ ಒಳ್ಳೇದಲ್ಲ ಅಂತ ನಮ್ಮೋರ ಲೆಕ್ಕ. ಹೆಣ್ಣಿನ ಮನೆ ತನಕ ಊದ್ದ. ತುಟಿ ವಾಸಿ ಆದ್ಮೇಲೆ ಒಂದಿನ ಹಿತ್ಲಲ್ಲಿ ಊದ್ತಾ ಇದ್ದ. ನಮ್ಮ ಅಬ್ಬಾ ಒಳಗೆ ಮಲಗಿದ್ದೋರು ಎದ್ದು ಕೂತು, ಯಾರು ಬಂದಿರೋದು ಅಂದ್ರು. ಮಗನ ಊದು ಅಂತ ಗುರುತೇ ಸಿಗ್ಲಿಲ್ಲ."

ಎಡಗಡೆಯಿಂದ, ಕೆಳಗಿನಿಂದ ಮೇಲಕ್ಕೆ, ಓರೆಯಾಗಿ. ಕೃತಿಕಾ ಬಸ್ಸಿನಲ್ಲಿ ಅಷ್ಟನ್ನೇ ಮತ್ತೆ ಮತ್ತೆ ಅಂದುಕೊಂಡಳು. ಅದರಿಂದ ಏನು ಮಾಡಬಹುದು ಎಂದು ಮಾತ್ರ ಅವಳಿಗೆ ಆಗ ಹೊಳೆಯಲಿಲ್ಲ.

ಗುರುವಾರ ಡಾಕ್ಟರು ಕ್ಯಾಪು ಕತ್ತರಿಸಿ ತೆಗೆದರು. ಕೃತಿಕಾ ಪ್ಲಾಸ್ಟಿಕ್ಕಿನ ಪುಡಿ ಕಲಸಿ ನಾಲ್ಕು ತಾತ್ಕಾಲಿಕ ಹಲ್ಲು ಮಾಡಿದಳು, ನಾಲ್ಕಕ್ಕೂ ಬೇರೆ ಬೇರೆ ಸಂದು. "ಊದಿ ನೋಡ್ಬೇಕಂದ್ರೆ ಇಲ್ಲಿ ಬೇಡಪ್ಪಾ, ರೂಟ್ ಕೆನಾಲ್‌ಗೆ ಕೂತಿರೋರು ಎದ್ದು ಓಡ್ತಾರೆ," ಎಂದರು ಡಾಕ್ಟರು. "ಕೃತಿಕಾ, ನೀನು ಯೂನಿವರ್ಸಿಟಿಗೆ ಹೋಗು. ಸರ್, ಹಲ್ಲು ಹಾಕ್ಕೊಳೋದು ತೆಗೆಯೋದು ನೀವೇ. ಅವಳು ಬಾಯಿಗೆ ಕೈ ಹಾಕಂಗಿಲ್ಲ. ಉಜ್ಜೋದು ಮಾತ್ರ ಅವಳು."

ಸಂಗೀತ ವಿಭಾಗದ ಮಹಡಿಯ ಮೂಲೆಯಲ್ಲಿ, ಹಳೆ ಕಂಬಳಿಗಳನ್ನು ಗೋಡೆಗೆ ಹೊಡೆದ ಒಂದು ಕೋಣೆ. ಅಲ್ಲಿ ಅವರ ಕೆಲಸ ಶುರುವಾಯಿತು. ಮೇಷ್ಟ್ರು ಹಲ್ಲು ಕೂರಿಸಿಕೊಂಡು ಊದುವರು, ತೆಗೆದು ಸ್ಟೀಲ್ ಲೋಟದ ನೀರಿನಲ್ಲಿ ಅದ್ದಿ ಅವಳ ಅಂಗೈಗೆ ಇಡುವರು. ಅವಳು ಎಳ್ಳಿನಷ್ಟು ಉಜ್ಜಿ ವಾಪಸು ಕೊಡುವಳು. ಮತ್ತೆ ಊದು. ಶುಕ್ರವಾರ ಸಂಜೆಯ ಹೊತ್ತಿಗೆ ಆರು ಹಲ್ಲು ಹಾಳಾಗಿ ಏಳನೆಯದು ಬಂದಿತ್ತು. ಸಂದು ಚಿಕ್ಕದಾದರೆ ಮೇಲಿನ ಸ್ವರ ಹರಿಯುತ್ತಿತ್ತು. ದೊಡ್ಡದಾದರೆ ಕೆಳಗಿನ ಸ್ವರಗಳಿಗೆ ಗಾಳಿ ಹೊಕ್ಕು, ತೂತುಬಿದ್ದ ಸೈಕಲ್ ಟ್ಯೂಬಿನಂತೆ ಉಸ್ ಅನ್ನುತ್ತಿತ್ತು.

ಮೇಷ್ಟ್ರು ಒಮ್ಮೆಯೂ ಬೇಸರಪಡಲಿಲ್ಲ. ಅದೇ ಅವಳಿಗೆ ತಡೆಯಲಾಗುತ್ತಿರಲಿಲ್ಲ.

"ನೀನು ಪ್ರತಿ ಸಲ ಹಲ್ಲನ್ನ ಬೆಳಕಿಗೆ ಹಿಡಿದು ನೋಡ್ತೀಯ," ಅಂದರು ಶನಿವಾರ ಬೆಳಿಗ್ಗೆ. "ನಾನು ಊದುವಾಗ ನನ್ನ ಬಾಯಿ ನೋಡ್ತೀಯ. ಕಣ್ಣು ಮುಚ್ಕೋ. ನನ್ನ ಸ್ಟೂಡೆಂಟ್ಸ್‌ಗೆ ಮೊದಲನೇ ತಿಂಗಳು ಟ್ರಂಪೆಟ್ ಮುಟ್ಟಕ್ಕೂ ಬಿಡಲ್ಲ ನಾನು. ಕೂತು ಕೇಳಿ ಅಂತೀನಿ."

"ಏನು ಕೇಳ್ಬೇಕು ಸರ್?"

"ಊದೋಕೆ ಮುಂಚೆ ನಾನು ಉಸಿರು ಎಳ್ಕೊಳ್ತೀನಲ್ಲ, ಅದನ್ನ. ಸ್ವರ ಅಲ್ಲೇ ಹುಟ್ಟಿರತ್ತೆ. ಆಚೆ ಬರೋದು ಅದರ ಮಾತು ಅಷ್ಟೇ."

ಕಣ್ಣು ಮುಚ್ಚಿದಳು. ಉಸಿರು ಒಳಗೆ ಹೋಯಿತು: ದೊಡ್ಡ ಬಾಗಿಲೊಂದು ಸದ್ದಿಲ್ಲದೆ ತೆರೆದಂತೆ, ಅಷ್ಟು ವಿಸ್ತಾರ. ಮನುಷ್ಯನೊಬ್ಬನ ಎದೆಯಲ್ಲಿ ಅಷ್ಟು ಜಾಗ ಇರಬಹುದೆಂದು ಅವಳು ಎಣಿಸಿರಲಿಲ್ಲ. ಆಮೇಲೆ ಆ ಗಾಳಿ ಹೊರಟಿತು. ಒಂದು ಕಡೆ ಅದು ಏನನ್ನೋ ತಾಗಿ, ಮುಗ್ಗರಿಸಿ, ಸುತ್ತು ಹಾಕಿ ಹೋದದ್ದು ಅವಳಿಗೆ ಕೇಳಿಸಿತು. ನೋಡಿದ್ದಲ್ಲ, ಕೇಳಿಸಿತು. ಅವಳು ಕೊರೆದಿದ್ದ ಸಂದು ಬಾಗಿಲ ಚೌಕಟ್ಟಿನಂತೆ ನೇರವಾಗಿತ್ತು. ಗಾಳಿ ನೇರವಾಗಿ ಬರುತ್ತಿರಲಿಲ್ಲ. ಅದು ಎಡಗಡೆಯಿಂದ, ಕೆಳಗಿನಿಂದ ಮೇಲಕ್ಕೆ, ಓರೆಯಾಗಿ...

"ಸರ್!" ಅಂದಳು. ಅಷ್ಟು ಜೋರಾಗಿ ಅವಳು ಯಾವತ್ತೂ ಕೂಗಿರಲಿಲ್ಲ. "ಕುದುರೆ!"

ಚೀಲದಿಂದ ಪ್ಲಾಸ್ಟರಿನ ಅಚ್ಚು ತೆಗೆದಳು. ಪಕ್ಕದ ಎಡ ಹಲ್ಲಿನ ಮೂಲೆಯಲ್ಲಿ ಆ ಎಳ್ಳಿನಷ್ಟು ಗಾಯ. ಸವೆತವಲ್ಲ ಅದು. ಒಂದೇ ಏಟು ಎರಡೂ ಹಲ್ಲಿಗೆ ಬಿದ್ದಿತ್ತು. ಎಡದ್ದನ್ನು ಸವರಿ, ಬಲದ್ದರ ಮೂಲೆಯನ್ನು ಮುರಿದು ಹೋಗಿತ್ತು. ಎಡ ಹಲ್ಲಿನ ಗಾಯ ಒಳಮುಖವಾಗಿ ಇಳಿಜಾರಾಗಿತ್ತು. ಬಲ ಹಲ್ಲಿನಲ್ಲೂ ಅದೇ ಇಳಿಜಾರು ಮುಂದುವರಿದಿರಲೇಬೇಕು. ಮೇಣದ ಒಂದು ತೆಳು ಪಟ್ಟಿಯನ್ನು ಆ ಗಾಯಕ್ಕೆ ಒತ್ತಿ, ಹಾಗೇ ಪಕ್ಕಕ್ಕೆ ಎಳೆದಳು. ಕುಣಿಗಲ್ ಕೆರೆ ಏರಿಯ ಮೇಲೆ ನಲವತ್ನಾಲ್ಕು ವರ್ಷದ ಹಿಂದೆ ಒಂದು ಮುದಿ ಕುದುರೆ ಎಳೆದ ಗೆರೆ ಪೂರ್ತಿ ಕಂಡಿತು. ಇಷ್ಟು ದಿನವೂ ಅದು ಅವಳ ಅಟ್ಟದ ಮೇಲೇ ಇತ್ತು.

ಎಂಟನೆಯ ಹಲ್ಲನ್ನು ಅವಳು ಭಾನುವಾರ ಲ್ಯಾಬಿನಲ್ಲಿ ಒಬ್ಬಳೇ ಕೂತು ಮಾಡಿದಳು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಂಬಳಿಯ ಕೋಣೆಯಲ್ಲಿ ಮೇಷ್ಟ್ರ ಕೈಗೆ ಕೊಟ್ಟಳು. ಅವರು ಕೂರಿಸಿಕೊಂಡು ನಾಲಗೆಯಿಂದ ಸವರಿದರು. ಮುಖ ಬದಲಾಯಿತು. ಕತ್ತಲೆಯಲ್ಲಿ ತಡಕಾಡುವ ಕೈಗೆ ತನ್ನ ಮನೆಯ ಸ್ವಿಚ್ಚು ಸಿಕ್ಕಿದಂತೆ.

ಅವರು ಟ್ರಂಪೆಟ್ಟು ಎತ್ತಿದರು. ಅವಳು ಕಣ್ಣು ಮುಚ್ಚಿದಳು.

ಒಂದು, ಎರಡು, ಮೂರು ಸ್ವರ. ನಾಲ್ಕನೆಯದು ಬಂತು. ಅದು ಹರಿಯಲಿಲ್ಲ, ಏರಿತು, ಏರಿ ನಿಂತಿತು. ಆ ನಿಂತ ಸ್ವರದ ಅಂಚಿನಲ್ಲಿ ಒಂದು ಸಣ್ಣ ಮಿನುಗು ಇತ್ತು, ಬೇರೆ ಯಾವ ಟ್ರಂಪೆಟ್ಟಿನಲ್ಲೂ ಇರಲಾರದು ಅನ್ನಿಸುವಂಥದ್ದು. ಬೆಳಗಿನ ಬಿಸಿಲು ತೆಂಗಿನ ಗರಿಯ ತುದಿಯಲ್ಲಿ ಹೊಳೆದು ಅಲ್ಲಾಡಿದಂತೆ. ಅವರ ತಂದೆ ಮಲಗಿದಲ್ಲಿಂದ ಎದ್ದು, ಯಾರು ಬಂದಿರೋದು ಎಂದು ಕೇಳಿದ್ದು ಯಾಕೆಂದು ಅವಳಿಗೆ ತಿಳಿಯಿತು. ಈ ಸದ್ದನ್ನು ಇಪ್ಪತ್ತೇಳು ವರ್ಷ ಮೂರನೇ ಕುರ್ಚಿಯಲ್ಲಿ, ಇತರರ ಸದ್ದಿನ ಕೆಳಗೆ ಬಚ್ಚಿಟ್ಟುಕೊಂಡು ಕೂತಿದ್ದರಲ್ಲ ಎಂದುಕೊಂಡಳು.

ಕಣ್ಣು ತೆರೆದಾಗ ಬಾಗಿಲಲ್ಲಿ ಆರೂ ಜನ ಶಿಷ್ಯರು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಮೇಷ್ಟ್ರು ಫೋನ್ ತೆಗೆದು ಬೆಂಗಳೂರಿಗೆ ಹಚ್ಚಿದರು. "ನಮಸ್ಕಾರ ಸರ್, ನಜೀರ್. ಮುಂಬೈಯವ್ರಿಗೆ ತೊಂದ್ರೆ ಕೊಡ್ಬೇಡಿ," ಅಂದರು, ಅಷ್ಟೇ.

ಕಾರ್ಯಕ್ರಮದ ಸಂಜೆ ಹಾಲ್ ತುಂಬಿತ್ತು. ಡಾಕ್ಟರು ಹೆಂಡತಿ ಸಮೇತ ಬಂದು ಮುಂದೆ ಕೂತಿದ್ದರು. ಗುಬ್ಬಿಯಿಂದ ಆಟೋದಲ್ಲಿ ಬಂದ ಕುಲ್ಸುಂ ಬೀ ಎರಡನೇ ಸಾಲಿನಲ್ಲಿ. ಕೃತಿಕಾಳಿಗೆ ಒಳಗೆ ಕೂರುವ ಭಾಗ್ಯ ಇರಲಿಲ್ಲ. ಹಲ್ಲು ಅಕಸ್ಮಾತ್ ಸಡಿಲವಾದರೆ ಇರಲಿ ಎಂದು ಅಂಟು, ಇನ್ನೊಂದು ಹಲ್ಲು, ಸ್ಟೀಲ್ ಲೋಟ ಹಿಡಿದು ಅವಳು ಮೇಷ್ಟ್ರ ಜೊತೆ ಹೊರಗಿನ ಕಾರಿಡಾರಿನಲ್ಲಿ ನಿಂತಳು. ಕರೆ ದೂರದಿಂದ ಬರಬೇಕಾದ್ದರಿಂದ ಅವರು ವೇದಿಕೆಯ ಮೇಲಿರುವಂತಿರಲಿಲ್ಲ. ಹಾಲ್‌ನ ಪಕ್ಕದ ಬಾಗಿಲು ಒಂದು ಗೇಣು ತೆರೆದಿತ್ತು. ಕಾರಿಡಾರಿನಲ್ಲಿ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ನೀರಿನ ಫಿಲ್ಟರು, ಒಂದು ಟ್ಯೂಬ್‌ಲೈಟು.

ಒಳಗೆ ಆರ್ಕೆಸ್ಟ್ರಾ ಶುರುವಾಯಿತು. ಎಪ್ಪತ್ತು ಜನರ ಸದ್ದು ಬಾಗಿಲ ಸಂದಿನಿಂದ ಪ್ರವಾಹದಂತೆ ಬಂತು.

"ಇನ್ನು ನೂರ ಹನ್ನೆರಡು ಬಾರು ಇದೆ," ಅಂದರು ಮೇಷ್ಟ್ರು ಪಿಸುದನಿಯಲ್ಲಿ. "ನಾಲ್ಕು ಎಣಿಕೆಗೆ ಒಂದು ಬಾರು. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಕಣಮ್ಮ. ಎಣಿಸೋದು. ಊದೋದು ಕಡಿಮೆ."

ಬೆರಳುಗಳು ಟ್ರಂಪೆಟ್ಟಿನ ವಾಲ್ವುಗಳ ಮೇಲೆ ಸದ್ದಿಲ್ಲದೆ ಎಣಿಸತೊಡಗಿದವು. ಅವಳೂ ಎಣಿಸಿದಳು. ಇಪ್ಪತ್ತಕ್ಕೆ ತಪ್ಪಿದಳು. ಅವರು ತಪ್ಪಲಿಲ್ಲ. ಐವತ್ತಕ್ಕೆ ಒಮ್ಮೆ ನಾಲಗೆಯಿಂದ ಹಲ್ಲು ಮುಟ್ಟಿ ನೋಡಿದರು. ಎಂಬತ್ತಕ್ಕೆ ಟ್ರಂಪೆಟ್ಟಿಗೆ ಬೆಚ್ಚಗೆ ಉಸಿರು ಬಿಟ್ಟರು, ಚಳಿಯಲ್ಲಿ ಮಗುವಿನ ಕೈಗೆ ಬಿಡುವಂತೆ. ನೂರರ ಹೊತ್ತಿಗೆ ಅವರ ಮುಖದಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರಿಲ್ಲ, ಗಡ್ಡವಿಲ್ಲ, ಅರವತ್ತೊಂದಿಲ್ಲ. ಎಣಿಕೆ ಒಂದೇ ಇತ್ತು.

ಒಳಗೆ ಎಲ್ಲ ಸದ್ದೂ ಒಮ್ಮೆಗೇ ನಿಂತಿತು.

ಆ ಉಸಿರು ಅವಳಿಗೆ ಕೇಳಿಸಿತು. ಸಾವಿರ ಜನ ಕೂತ ಆ ಕಟ್ಟಡದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಆಮೇಲೆ ಬಂದದ್ದು ಎಲ್ಲರದು.

ಒಂಬತ್ತು ಬಾರು. ಅಷ್ಟರಲ್ಲಿ ಟ್ಯೂಬ್‌ಲೈಟು, ಕುರ್ಚಿಗಳು, ಫಿಲ್ಟರಿನ ತೊಟ್ಟು ನೀರು ಎಲ್ಲವೂ ತಾವಿದ್ದಲ್ಲೇ ಎದ್ದು ನಿಂತು ಕೇಳಿದಂತೆ ಇತ್ತು. ಕೊನೆಯ ಎತ್ತರದ ಸ್ವರದ ಅಂಚಿನಲ್ಲಿ ಆ ಮಿನುಗು ಬಂತು. ಅವಳು ಲೋಟವನ್ನು ಎದೆಗೆ ಒತ್ತಿಕೊಂಡಿದ್ದಳು. ಲೋಟದೊಳಗಿನ ನೀರೂ ಅದೇ ಸ್ವರಕ್ಕೆ ನಡುಗುತ್ತಿತ್ತು. ಸದ್ದು ಬಾಗಿಲ ಸಂದಿನಿಂದ ಒಳಗೆ ಹೋಯಿತು. ಒಳಗೆ ಒಂದು ಕೆಮ್ಮು ಕೂಡ ಇಲ್ಲ.

ಮೇಷ್ಟ್ರು ಟ್ರಂಪೆಟ್ಟು ಇಳಿಸಿದರು. ಮತ್ತೆ ಬೆರಳು ಎಣಿಸತೊಡಗಿದವು. ಆರ್ಕೆಸ್ಟ್ರಾ ಸೇರಿಕೊಂಡಿತು. ಏನೋ ಕೇಳಬೇಕೆಂದು ಕೃತಿಕಾ ಬಾಯಿ ತೆರೆದರೆ ಅವರು ಕೈ ಎತ್ತಿ ತಡೆದರು. ಅವರ ಪಾಲಿಗೆ ಅದು ಇನ್ನೂ ಮುಗಿದಿರಲಿಲ್ಲ. ಅರವತ್ತು ಬಾರು ಬಿಟ್ಟು ಇನ್ನೊಂದು ಸಣ್ಣ ಸ್ವರವಿತ್ತು, ಅದಕ್ಕೂ ಅವರು ಅಷ್ಟೇ ಶ್ರದ್ಧೆಯಿಂದ ಕಾಯುತ್ತಿದ್ದರು.

ಮುಗಿದ ಮೇಲೆ ಜನ ಹೊರಗೆ ಬಂದರು. ಕುಲ್ಸುಂ ಬೀ ಒಬ್ಬ ಶಿಷ್ಯೆಯ ತೋಳು ಹಿಡಿದು ಕಾರಿಡಾರಿಗೆ ಬಂದವರು ತಮ್ಮನನ್ನು ಕಂಡು ನಿಂತರು.

"ಏನ್ಲಾ ನಜ್ಜು, ಎಪ್ಪತ್ತು ಜನ ಒಳಗೆ ಲೈಟಲ್ಲಿ ಕೂತವ್ರೆ, ನಿನ್ನೊಬ್ಬನ್ನ ಮಾತ್ರ ಬಾಗ್ಲಾಚೆ ನಿಲ್ಲಿಸವ್ರಲ್ಲೋ! ಹುಡುಕಿ ಹುಡುಕಿ ನನ್ನ ಕತ್ತು ನೋವು ಬಂತು. ಏನು ತಪ್ಪು ಮಾಡಿದ್ದೆ ನೀನು?"

"ಕೇಳಿಸ್ತಾ ಆಪಾ?"

ಮುದುಕಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. "ಅಷ್ಟೂ ಜನ ಸ್ಟೇಜ್ ಬಿಟ್ಟು ಬಾಗ್ಲ ಕಡೆ ತಿರುಗ್ಬಿಟ್ರು ಕಣೋ," ಅಂದರು. "ಅಬ್ಬಾ ಎದ್ದು ಕೂತಂಗೆ."

ಸೋಮವಾರ ಡಾಕ್ಟರು ಚೀಟಿ ಬರೆದು ಕಳಿಸಿದರು: ನಜೀರ್ ಅಹಮದ್, ಪರ್ಮನೆಂಟ್ ಕ್ಯಾಪ್, ಟೆಂಪರರಿ ಇದ್ದ ಹಾಗೇ. ಕೆಳಗೆ, ಚೀಟಿಯಲ್ಲಿ ಜಾಗವಿಲ್ಲದ ಕಡೆ, ಪೆನ್ನಿನಲ್ಲಿ ಒತ್ತಿ 'ಕೆಲಸ: ಟ್ರಂಪೆಟ್' ಎಂದು ಸೇರಿಸಿದ್ದರು. ಆಯುಧಪೂಜೆ ಹತ್ತಿರ ಬಂದಿತ್ತು. ಆಸ್ಪತ್ರೆಯ ಓಬಳಯ್ಯ ಸುತ್ತಿಗೆ ಹಿಡಿದು, "ಎಲ್ಲಾ ಇಳಿಸ್ಕೊಡಮ್ಮ, ಹಿತ್ಲೆಲ್ಲ ಕೆಸ್ರಾಗೈತೆ, ಕುಟ್ಟಿ ಹಾಕ್ಬುಡ್ತೀನಿ," ಎಂದು ಬಾಗಿಲಲ್ಲಿ ಕೂತಿದ್ದ.

ಕೃತಿಕಾ ಅಚ್ಚುಗಳನ್ನು ಒಂದೊಂದಾಗಿ ಇಳಿಸಿಕೊಟ್ಟಳು. ಒಂದು ಕೈಯಲ್ಲೇ ಉಳಿಯಿತು. ಅದನ್ನು ತಿರುಗಿಸಿ, ಹೆಸರು ತಾರೀಖಿನ ಕೆಳಗೆ ಪೆನ್ಸಿಲ್ಲಿನಲ್ಲಿ ದಪ್ಪಗೆ ಎರಡು ಸಲ ತಿದ್ದಿ ಬರೆದಳು: ಒಡೆಯಬಾರದು.